ಜಗಳಕ್ಕೊಂದು ಗೋಡೆ

ನನ್ನ ಓರಗಿತ್ತಿ ಕಸಿಲ್ದಾಗೆ ಗಂಡನ ಜೊತೆ ಜಗಳ ಆಡಬೇಕು ಅನ್ನಿಸಿದರೆ ಮೊದಲು ಒಲೆ ಆರಿಸುತ್ತಿದ್ದಳು. ಆಮೇಲೆ ಶಾಲು ಹೊದ್ದು, ಚಪ್ಪಲಿ ಮೆಟ್ಟಿ, ಅಂಗಳದ ಬಾಯಲ್ಲಿ ನಿಂತು, "ಎರ್ಮಿಲೊ, ಗೋಡೆಗೆ ಹೋಗೋಣ ಬಾ" ಅನ್ನುತ್ತಿದ್ದಳು. ದನಿ ತೀರಾ ಸಣ್ಣದು. ಹೊಸಬರು ಕೇಳಿದರೆ ಗಂಡ ಹೆಂಡತಿ ಸಮುದ್ರದ ಗಾಳಿಗೆ ಹೊರಟರು ಅಂದುಕೊಳ್ಳಬೇಕು. ನನ್ನ ಭಾವನಿಗೆ ಮಾತ್ರ ಆ ಸಣ್ಣ ದನಿ ಕಿವಿಗೆ ಬಿದ್ದ ಕೂಡಲೇ ಮುಖ ಬಾಡುತ್ತಿತ್ತು. ಕೈಲಿದ್ದ ಕೆಲಸ ಬಿಟ್ಟು, ಟೋಪಿ ಹಾಕಿಕೊಂಡು, ಹಿಂದಿನಿಂದ ಹೊರಡುತ್ತಿದ್ದ.

ಇದಕ್ಕೆಲ್ಲ ಕಾರಣ ಜೇನು. ಕಸಿಲ್ದಾ ಮದುವೆಯಾಗಿ ಈ ಮನೆಗೆ ಬರುವಾಗ ಅವಳ ತಾಯಿ ಒಂದು ಟೊಳ್ಳು ದಿಮ್ಮಿ ಕೊಟ್ಟು ಕಳಿಸಿದ್ದಳು. ದಿಮ್ಮಿಯ ಎರಡು ಬಾಯಿಗೂ ದುಂಡನೆಯ ಕಲ್ಲಿನ ಬಿರಡೆ, ನಡುವೆ ಬೆರಳು ತೂರುವಷ್ಟು ಒಂದು ತೂತು, ಒಳಗೆ ಕೊಂಡಿಯಿಲ್ಲದ ನಮ್ಮ ನಾಡಿನ ಜೇನು. ಅದನ್ನು ನಾವು ದೊರೆಸಾನಿ ಅನ್ನುತ್ತೇವೆ. ಹೆಸರಿಗೆ ತಕ್ಕ ಹಾಗೆ ಅದರ ಗತ್ತು. ಕಚ್ಚುವುದಿಲ್ಲ, ಚುಚ್ಚುವುದಿಲ್ಲ, ಆದರೆ ಮನೆಯಲ್ಲಿ ಒಬ್ಬರ ಮೇಲೊಬ್ಬರು ಕೂಗಾಡಿದರೆ ಒಂದು ಮಾತೂ ಹೇಳದೆ ಗೂಡು ಬಿಟ್ಟು ಹೋಗುತ್ತದೆ. ನಮ್ಮಲ್ಲಿ ಮಕ್ಕಳಿಗೆ ಮಾತು ಬರುವ ಮೊದಲೇ ಇದನ್ನು ಹೇಳಿಕೊಡುತ್ತಾರೆ. ಹೆಣ್ಣು ಕೇಳಲು ಬಂದವರು ಮಾತಿನ ನಡುವೆ ಎದ್ದು ಹೋಗಿ ಹಿತ್ತಲಿನ ದಿಮ್ಮಿಗೆ ಕಿವಿ ಕೊಟ್ಟು ಬರುವುದನ್ನು ನಾನೇ ನೋಡಿದ್ದೇನೆ. ಗುಂಯ್ ಅನ್ನುತ್ತಿದ್ದರೆ ಸಂಬಂಧ ಕುದುರುತ್ತದೆ.

ಹೊಸ ಮದುಮಗಳು ಕಸಿಲ್ದಾ ಮೊದಲ ಸಲ ದನಿ ಎತ್ತಿದ್ದು ಮೆಕ್ಕೆಜೋಳದ ಸಿಪ್ಪೆ ಬಿಡಲಿ ಅಂತ ಬೇಯಿಸುವ ನೀರಿಗೆ ಹಾಕುವ ಸುಣ್ಣದ ವಿಷಯಕ್ಕೆ. ಸುಣ್ಣ ಹೆಚ್ಚಾಗಿ ರೊಟ್ಟಿ ಕಹಿಯಾಗಿತ್ತು, ಎರ್ಮಿಲೊ ಮುಖ ಸಿಂಡರಿಸಿದ, ಇವಳು ಬಾಯಿ ತೆರೆದಳು. ಅಷ್ಟರಲ್ಲಿ ನಮ್ಮ ಅತ್ತೆ ಇಬ್ಬರ ರಟ್ಟೆ ಹಿಡಿದು ಹೊರಗೆ ದಬ್ಬಿದರು. "ಬೈಯ್ಯೋದಿದ್ರೆ ಹಳೇ ಊರಿನ ಗೋಡೆ ಹತ್ರ ಹೋಗಿ ಬೈಕೊಳ್ಳಿ. ಅಲ್ಲಿ ಕೇಳೋಕೆ ಓತಿಗಳು ಬಿಟ್ರೆ ಯಾರೂ ಇಲ್ಲ. ಮುಗಿಸಿಕೊಂಡು ಬನ್ನಿ, ಗಂಜಿ ಇಟ್ಟಿರ್ತೀನಿ" ಅಂದರು.

ಹಳೇ ಊರು ಅಂದರೆ ಈಗ ಜಗತ್ತೆಲ್ಲ ಬಂದು ನೋಡುವ ತುಲುಮ್, ನಮ್ಮ ಹಿರೀಕರು ಕಟ್ಟಿ ಬಿಟ್ಟುಹೋದ ಪಾಳು ಪಟ್ಟಣ. ಆಗ ಅದಕ್ಕೆ ಗೇಟೂ ಇರಲಿಲ್ಲ, ಟಿಕೆಟ್ಟೂ ಇರಲಿಲ್ಲ. ಮೂರು ಕಡೆ ದಪ್ಪ ಕಲ್ಲುಗೋಡೆ, ನಾಲ್ಕನೆಯ ಕಡೆ ಸಮುದ್ರ. ಬಂಡೆಯ ಕೆಳಗಿನ ಆ ಪುಟ್ಟ ಮರಳಿಗೆ ಒಂದು ಕಾಲದಲ್ಲಿ ಎಲ್ಲೆಲ್ಲಿಂದಲೋ ದೋಣಿಗಳು ಬಂದು ನಿಲ್ಲುತ್ತಿದ್ದವು. ಉಪ್ಪು, ಹತ್ತಿ, ಕತ್ತಿ ಮಾಡುವ ಕರೀ ಗಾಜುಗಲ್ಲು ಬರುತ್ತಿತ್ತು. ನಮ್ಮ ಕಾಡಿನ ಜೇನುತುಪ್ಪ, ಮೇಣ ಹೋಗುತ್ತಿತ್ತು. ಗೋಡೆ ಕಟ್ಟಿದ್ದು ಶತ್ರುಗಳಿಗೆ ಹೆದರಿ ಅಂತ ಗೈಡುಗಳು ಹೇಳುತ್ತಾರೆ. ಇರಬಹುದು. ಅಷ್ಟೊಂದು ಜೇನು ಸಾಕುತ್ತಿದ್ದ ಊರಿಗೆ ಗಂಡ ಹೆಂಡಿರು ಜಗಳ ಆಡಲು ಒಂದು ಮರೆ ಬೇಡವೇ ಅಂತ ನಾನು ಕೇಳುತ್ತೇನೆ. ಕಸಿಲ್ದಾಳ ದಿಮ್ಮಿಗೆ ಇದ್ದಂಥದೇ ದುಂಡು ಕಲ್ಲುಗಳು ಹಳೇ ಊರಿನ ಮಣ್ಣಿನಲ್ಲೂ ಸಿಗುತ್ತವೆ ಅಂತ ಭಾವ ಹೇಳಿದ ಮೇಲೆ ನನಗೆ ಈ ವಿಷಯದಲ್ಲಿ ಅನುಮಾನವೇ ಉಳಿದಿಲ್ಲ.

ಉತ್ತರದ ಕಡೆ ಗೋಡೆ ಕುಸಿದು ಒಂದು ಸಂದು ಆಗಿದೆ. ಅದೇ ಅವರ ಜಾಗ. ಅಲ್ಲಿ ಗಾಳಿ ಎಷ್ಟು ಜೋರು ಅಂದರೆ ಬಾಯಿಂದ ಬಿದ್ದ ಮಾತನ್ನು ಅಲ್ಲೇ ಎತ್ತಿಕೊಂಡು ಹೋಗುತ್ತದೆ. ಮುಂದೆ ಎರ್ಮಿಲೊಗೆ ಅದೇ ಹಳೇ ಊರಿನಲ್ಲಿ ಕಾವಲುಗಾರನ ಕೆಲಸ ಸಿಕ್ಕಿತು. ಮಚ್ಚಿನಿಂದ ಹುಲ್ಲು ಸವರುವುದು, ಮೆಟ್ಟಿಲು ಗುಡಿಸುವುದು, ಯಾರಾದರೂ ಗುಡಿಯ ಮೇಲೆ ಹತ್ತಿದರೆ ಸೀಟಿ ಊದುವುದು. ಹೀಗೆ ಜಗಳದ ಜಾಗವೂ ಕೆಲಸದ ಜಾಗವೂ ಒಂದೇ ಆಯಿತು. "ಬೇರೆ ಗಂಡಸರು ಕೆಲಸಕ್ಕೆ ಅಂತ ಮನೆಯಿಂದ ತಪ್ಪಿಸಿಕೊಂಡು ಹೋಗ್ತಾರೆ. ನನಗೆ ಆ ಪುಣ್ಯವೂ ಇಲ್ಲ" ಅಂತ ಭಾವ ಒಮ್ಮೆ ನನ್ನ ಗಂಡನ ಹತ್ತಿರ ಗೋಳಾಡಿದ್ದ.

ಅವನು ಇಷ್ಟು ಉದ್ದದ ಮಾತಾಡಿದ್ದೇ ಅಪರೂಪ. ಎರ್ಮಿಲೊ ಬೈಸಿಕೊಂಡರೆ ಮಾತ್ರ ಬಾಯಿ ಬಿಡುವ ಆಸಾಮಿ. ಸುಮ್ಮನೆ ಕೇಳಿದರೆ ಹೂಂ, ಉಹೂಂ. ಕಸಿಲ್ದಾ ನಾಲ್ಕು ಮಾತು ಬೈದರೆ ಎಲ್ಲ ಹೊರಗೆ ಬರುತ್ತಿತ್ತು: ಕಾಲುನೋವು, ಮೇಲಿನವರು ಆಡಿದ ಮಾತು, ಮಗಳು ಅದೆಲ್ಫಾಗೆ ಬಂದ ಸಂಬಂಧದ ಬಗ್ಗೆ ಮನಸ್ಸಿನಲ್ಲಿದ್ದದ್ದು. ಹೋಗುವಾಗ ಅವಳು ಮುಂದೆ, ಅವನು ಹಿಂದೆ. ಬರುವಾಗ ಇಬ್ಬರೂ ಜೊತೆಗೆ. ಹಳೇ ಊರಿಗೆ ಆಮೇಲೆ ಬಂದ ಗೇಟಿನ ಹತ್ತಿರ ನಾನು ಹಣ್ಣು ಹೆಚ್ಚಿ ಮಾರುತ್ತೇನೆ. ನನ್ನ ಅಂಗಡಿಯ ಮುಂದೆ ನಿಂತು ಖಾರದಪುಡಿ ಹಾಕಿದ ಒಂದು ಕಿತ್ತಳೆಯನ್ನು ಇಬ್ಬರೂ ಹಂಚಿಕೊಂಡು ತಿಂದು ಮನೆಗೆ ಹೋಗುತ್ತಿದ್ದರು.

ಹಳೇ ಊರಿಗೆ ಜನ ಬರಲು ಶುರುವಾದ ಮೇಲೆ ಒಂದು ತಮಾಷೆ ನಡೆಯಿತು. ಗೋಡೆಯ ಸಂದಿನಲ್ಲಿ ಕಸಿಲ್ದಾ ಕೈ ಎತ್ತಿ ಎತ್ತಿ ಮಾತಾಡುತ್ತಿದ್ದಾಳೆ, ಎರ್ಮಿಲೊ ಟೋಪಿ ಕೈಲಿ ಹಿಡಿದು ತಲೆ ಬಗ್ಗಿಸಿ ನಿಂತಿದ್ದಾನೆ. ಪ್ರವಾಸಿಗಳ ಒಂದು ಗುಂಪು ದೂರದಲ್ಲಿ ಉಸಿರು ಬಿಗಿಹಿಡಿದು ನಿಂತಿತ್ತು. ಇವರು ಸಮುದ್ರದೇವತೆಗೆ ಹಳೇ ಮಂತ್ರ ಹೇಳುತ್ತಿದ್ದಾರೆ ಅಂತ ಯಾವನೋ ಗೈಡು ಪಿಸುಗುಟ್ಟಿದನಂತೆ. ನಾನು ಆ ಹೊತ್ತಿಗೆ ಕಿತ್ತಳೆ ಬುಟ್ಟಿ ಹೊತ್ತು ಅಲ್ಲೇ ಹಾದು ಹೋಗುತ್ತಿದ್ದೆ. ಮಂತ್ರ ನನ್ನ ಕಿವಿಗೂ ಬಿತ್ತು. "ಮೊಟ್ಟೆ ಇಡೋ ಕೋಳೀನ ನಿನ್ನ ತಮ್ಮನಿಗೆ ಕೊಡು ಅಂತ ಯಾರು ಹೇಳಿದ್ರು ನಿಂಗೆ? ಅವನ ಹೆಂಡ್ತಿಗೆ ಕೋಳಿ ಬೇಯಿಸೋಕಾದ್ರೂ ಬರುತ್ತಾ?" ತಮ್ಮ ಅಂದರೆ ನನ್ನ ಗಂಡ. ಕೋಳಿ ಚೆನ್ನಾಗಿಯೇ ಬೆಂದಿತ್ತು.

ನಮ್ಮ ಮನೆಯಲ್ಲಿ ಜೇನಿಲ್ಲ. ಹಾಗಾಗಿ ನಾನೂ ನನ್ನ ಗಂಡ ಸಿಲ್ವೆರಿಯೋನೂ ಮನೆಯಲ್ಲೇ ಜಗಳ ಮುಗಿಸುತ್ತೇವೆ. ಎರಡು ಅಂಗಳದ ನಡುವೆ ಸೊಂಟದೆತ್ತರದ ಕಲ್ಲುಬೇಲಿ. ನನ್ನ ದನಿ ಏರಿದರೆ ಆಚೆಯಿಂದ ಕಸಿಲ್ದಾ ಇಣುಕುತ್ತಿದ್ದಳು. "ತೊಮಾಸಾ, ಸ್ವಲ್ಪ ಮೆಲ್ಲಗೆ ಕಣೇ. ಗಾಳಿ ಈ ಕಡೆಗಿದೆ" ಅನ್ನುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು. ಆದರೂ ಮೆಲ್ಲಗಾಗುತ್ತಿದ್ದೆ. ತಾಯಿಯ ದಿಮ್ಮಿಯಿಂದ ಪಾಲು ಮಾಡಿ ಅವಳು ಇನ್ನೆರಡು ದಿಮ್ಮಿ ಎಬ್ಬಿಸಿದ್ದಳು. ಅದೆಲ್ಫಾಳ ಬಾಣಂತನಕ್ಕೆ, ನನ್ನ ಕಣ್ಣಿನ ಪೊರೆಗೆ, ಊರಿನ ಯಾರ ಕೆಮ್ಮಿಗಾದರೂ ಅಲ್ಲಿಂದಲೇ ಜೇನುತುಪ್ಪ ಬರುತ್ತಿತ್ತು. ತಾಯಿ ಸತ್ತಾಗ ಕಸಿಲ್ದಾ ಹೆಣದ ಮುಂದೆ ಅತ್ತಿರಲಿಲ್ಲ. ಮನೆಗೆ ಬಂದು ಆ ಹಳೇ ದಿಮ್ಮಿಗೆ ಕೆನ್ನೆಯಿಟ್ಟು ಕೂತಿದ್ದಳು. ಅವಳ ಪಾಲಿಗೆ ತವರು ಅಂತ ಉಳಿದಿದ್ದು ಅದೊಂದೇ.

ಎರ್ಮಿಲೊಗೆ ಲಕ್ವ ಹೊಡೆದದ್ದು ಕೆಲಸದಲ್ಲಿದ್ದಾಗಲೇ. ಯಾರೋ ಗೋಡೆ ಹತ್ತುತ್ತಿದ್ದರು, ಇವನು ಸೀಟಿ ಬಾಯಿಗಿಟ್ಟ, ಸೀಟಿಯಿಂದ ಸದ್ದು ಬರಲಿಲ್ಲ, ಹಾಗೇ ಒಂದು ಕಡೆಗೆ ವಾಲಿ ಕುಸಿದ. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಬಲಗೈ ಬಲಗಾಲು ಬಿದ್ದುಹೋಗಿದ್ದವು, ಬಾಯಿ ಸೊಟ್ಟಗಾಗಿತ್ತು. ನಾಲಗೆ ಸತ್ತಿಲ್ಲ, ಮಾತಾಡಿಸಿದರೆ ಬರುತ್ತದೆ ಅಂತ ವೈದ್ಯರು ಹೇಳಿದ್ದರು. ಮನೆಯೊಳಗೆ ಸೆಖೆ ಅಂತ ಹಿತ್ತಲಿನ ಗರಿಯ ಚಪ್ಪರದ ಕೆಳಗೆ ಅವನ ಜೋಲಿ ಕಟ್ಟಿದರು. ಚಪ್ಪರದ ಇನ್ನೊಂದು ತುದಿಯಲ್ಲಿ ಮೂರು ದಿಮ್ಮಿ.

ಮಾತಾಡಿಸಿದೆವು. ಅಯ್ಯೋ, ಎಷ್ಟು ಸಿಹಿಯಾಗಿ ಮಾತಾಡಿಸಿದೆವು! "ಅಪ್ಪಾ, ಒಂದು ತುತ್ತು" ಅಂತ ಅದೆಲ್ಫಾ. "ಭಾವ, ಇವತ್ತು ಮುಖದಲ್ಲಿ ಕಳೆ ಇದೆ" ಅಂತ ನಾನು, ಕಳೆ ಏನೂ ಇಲ್ಲದಿದ್ದರೂ. ಕಸಿಲ್ದಾ ಮಗುವಿಗೆ ಹೇಳುವ ಹಾಗೆ ಕಿವಿಯ ಹತ್ತಿರ ಬಗ್ಗಿ ಉಸುರುತ್ತಿದ್ದಳು. ಅಷ್ಟೊಂದು ಸಿಹಿ ಮಾತನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ತನ್ನ ಕಥೆ ಮುಗಿಯಿತು, ಅದಕ್ಕೇ ಎಲ್ಲರೂ ಹೀಗಾಡುತ್ತಿದ್ದಾರೆ ಅಂದುಕೊಂಡನೋ ಏನೋ, ದಿನದಿನಕ್ಕೆ ಮುಖ ಮನೆಯ ಹಿಂಗೋಡೆಯ ಕಡೆ ತಿರುಗುತ್ತ ಹೋಯಿತು. ಹೂಂ ಉಹೂಂ ಕೂಡ ನಿಂತಿತು. ಆಮೇಲೆ ಗಂಜಿಗೆ ಬಾಯಿ ಬಿಡುವುದೂ ಕಮ್ಮಿಯಾಯಿತು.

ಆಸ್ಪತ್ರೆಯಿಂದ ನೋಡಲು ಬರುತ್ತಿದ್ದ ನರ್ಸಮ್ಮ ಮುಚ್ಚುಮರೆಯಿಲ್ಲದ ಹೆಂಗಸು. ಅವನ ಕೈ ಹಿಡಿದು ನೋಡಿ, ಕಸಿಲ್ದಾಳನ್ನು ಪಕ್ಕಕ್ಕೆ ಕರೆದಳು. ನಾನೂ ಹೋದೆ.

"ಕಸಿಲ್ದಾ ಅಮ್ಮಾ, ಇವರು ಬದುಕೋ ಮನಸ್ಸೇ ಬಿಟ್ಟುಬಿಟ್ಟಿದ್ದಾರೆ. ಹೀಗೇ ಆದ್ರೆ ಮಳೆಗಾಲ ಕಾಣೋದು ಕಷ್ಟ. ಚೆನ್ನಾಗಿದ್ದಾಗ ಯಾರು ಮಾತಾಡಿಸಿದ್ರೆ ಬಾಯಿ ಬಿಡ್ತಿದ್ರು?"

"ನಾನೇ. ಬೈತಿದ್ದೆ."

"ಹಾಗಾದ್ರೆ ಬೈರಿ. ರೇಗಿಸಿ. ಸಿಟ್ಟು ಬಂದ್ರೆ ನಾಲಗೆ ತಾನಾಗೇ ಹೊರಳುತ್ತೆ."

ಕಸಿಲ್ದಾ ದಿಮ್ಮಿಗಳ ಕಡೆ ನೋಡಿದಳು. ನರ್ಸಮ್ಮ ದೂರದ ಮೆರಿದಾ ಪಟ್ಟಣದವಳು, ಜೇನಿನ ವಿಷಯ ಅವಳಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

"ಅಕ್ಕ, ದಿಮ್ಮಿಗಳನ್ನ ಬೇರೆ ಎಲ್ಲಾದ್ರೂ ಸಾಗಿಸೋಣ" ಅಂದೆ.

"ಹೂ ಬಿಡೋ ಕಾಲದಲ್ಲಾ? ಮೇಯೋಕೆ ಹೋದ ಜೇನು ತಿರುಗಿ ಇಲ್ಲಿಗೇ ಬರುತ್ತೆ, ಗೂಡು ಸಿಗದೆ ಸಾಯುತ್ತೆ. ಬುದ್ಧಿ ಎಲ್ಲಿಟ್ಟಿದ್ದೀಯ?"

"ಹಾಗಾದ್ರೆ ಭಾವನ್ನ ನಮ್ಮ ಅಂಗಳಕ್ಕೆ ತರೋಣ."

"ನಿನ್ನ ಅಂಗಳದಿಂದ ನಿನ್ನ ಬೈಗುಳವೇ ಇಲ್ಲಿಗೆ ಕೇಳುತ್ತಲ್ಲೇ. ಇನ್ನು ನನ್ನದು ಕೇಳದೆ ಇರುತ್ತಾ?"

ಉಳಿದದ್ದು ಗೋಡೆ. ಸಿಲ್ವೆರಿಯೊ ತನ್ನ ಮೂರು ಚಕ್ರದ ಸೈಕಲ್ ಗಾಡಿಗೆ ಹಾಸಿಗೆ ಹಾಸಿದ. ಬಿಸಿಲೇರುವ ಮೊದಲೇ ಭಾವನನ್ನು ಮಲಗಿಸಿಕೊಂಡು ಹೊರಟೆವು. ಗೇಟಿನಲ್ಲಿ ಹಳೇ ಜೊತೆಗಾರರು "ಎರ್ಮಿಲೊ ಅಣ್ಣ ಬಂದ್ರು" ಅಂತ ಓಡಿ ಬಂದು, ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಇಕ್ಕಟ್ಟು ಬಾಗಿಲಲ್ಲಿ ಓರೆಯಾಗಿ ನುಸುಳಿಸಿ ಒಳಗೆ ಹೊತ್ತೊಯ್ದರು. ಉತ್ತರದ ಸಂದಿಗೆ ಈಗ ಹಗ್ಗ ಕಟ್ಟಿದ್ದರು. ಹಗ್ಗದ ಈಚೆಗೆ ಕುರ್ಚಿ ಇಟ್ಟೆವು. ಆ ಬೆಳಿಗ್ಗೆಯೇ ಬಸ್ಸುಗಟ್ಟಲೆ ಜನ.

ಕಸಿಲ್ದಾ ಶಾಲು ಸರಿಮಾಡಿಕೊಂಡು ಗಂಡನ ಎದುರು ನಿಂತಳು. "ಎರ್ಮಿಲೊ" ಅಂದಳು. ಮುಂದೆ ಬರಲಿಲ್ಲ. ಸುತ್ತ ಜನ ಅರ್ಧ ವೃತ್ತವಾಗಿ ನಿಂತುಬಿಟ್ಟಿದ್ದರು. ಒಬ್ಬಾಕೆ ಎರ್ಮಿಲೊನ ಕುರ್ಚಿಯ ಪಕ್ಕದಲ್ಲೇ ಕೂತು, ತುಂಬಾ ಮರುಕದಿಂದ ನಗುತ್ತ, ಫೋನು ಎತ್ತಿದಳು. ಎರ್ಮಿಲೊ ಅವಳನ್ನು ನೋಡುತ್ತಲೇ ಇರಲಿಲ್ಲ. ಅವನ ಕಣ್ಣು ಗುಡಿಯ ಕೆಳಗೆ ನಿಂತಿದ್ದ ಹೊಸ ಕಾವಲುಗಾರನ ಕೊರಳಿನ ಸೀಟಿಯ ಮೇಲಿತ್ತು. ಆಮೇಲೆ ಕಣ್ಣು ಮುಚ್ಚಿಕೊಂಡ. ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ನನಗೆ ಆ ಜನರನ್ನೆಲ್ಲ ಕಿತ್ತಳೆಯಿಂದ ಹೊಡೆದು ಓಡಿಸಬೇಕು ಅನ್ನಿಸಿತು. ಸುಮ್ಮನೆ ಹಿಂದಿರುಗಿದೆವು.

ಕುಲುಕಾಟಕ್ಕೋ ಬಿಸಿಲಿಗೋ ಅವನಿಗೆ ಜ್ವರ ಬಂತು. ನರ್ಸಮ್ಮ ನಮ್ಮೆಲ್ಲರಿಗೂ ಸರಿಯಾಗಿ ಮಂಗಳಾರತಿ ಎತ್ತಿದಳು. ಇನ್ನೊಮ್ಮೆ ಗಾಡಿಗೆ ಹಾಕಿದರೆ ತಾನು ಈ ಮನೆಗೆ ಕಾಲಿಡುವುದಿಲ್ಲ ಅಂದಳು. ಜ್ವರ ಬಿಟ್ಟಿತು, ಆದರೆ ಎರ್ಮಿಲೊ ಗಂಜಿಯ ಚಮಚಕ್ಕೆ ಹಲ್ಲು ಕಚ್ಚಿ ಹಿಡಿಯತೊಡಗಿದ. ನೀರು ಮಾತ್ರ. ಅದೂ ಎರಡು ಗುಟುಕು. ಅದೆಲ್ಫಾ ಪಾದ್ರಿಯನ್ನು ಕರೆಸಬೇಕೇ ಅಂತ ನನ್ನನ್ನು ಕೇಳಿದಳು. ನಾನು ಪಾತ್ರೆ ತೊಳೆಯಲು ಹೋದೆ.

ಮಾರನೆಯ ಬೆಳಿಗ್ಗೆ ಕಲ್ಲುಬೇಲಿಯ ಆಚೆ ಕಸಿಲ್ದಾ ಕಂಡಳು. ಹಬ್ಬಕ್ಕೆ ಹಾಕುವ ಕಸೂತಿಯ ಬಿಳೀ ಅಂಗಿ ತೊಟ್ಟಿದ್ದಳು. ಕೈಲಿ ಸೋರೆಬುರುಡೆ, ಅದರಲ್ಲಿ ಜೋಳದ ಬಿಳೀ ಪಾನಕ. ಜೇನು ಇಳಿಸುವ ಮೊದಲು ಅಪ್ಪಣೆ ಕೇಳಲು ಇಡುತ್ತೇವಲ್ಲ, ಅದು. ಆದರೆ ಜೇನು ಇಳಿಸುವ ಕಾಲ ಆಗ ಅಲ್ಲ. ನಾನು ಕೈ ಒರೆಸಿಕೊಂಡು ಬೇಲಿಯ ಹತ್ತಿರ ಹೋದೆ.

ಬುರುಡೆಯನ್ನು ಅವಳು ತಾಯಿಯ ದಿಮ್ಮಿಯ ಮುಂದೆ ಇಟ್ಟಳು. ತೂತಿನ ಬಾಯಲ್ಲಿ ಎಂದಿನಂತೆ ಒಂದು ಕಾವಲು ಜೇನು ತಲೆ ಹೊರಗೆ ಹಾಕಿ ಕೂತಿತ್ತು. ಅದಕ್ಕೇ ಹೇಳಿದಳು. "ದೊರೆಸಾನಿ, ನೀನು ನಮ್ಮಮ್ಮನ ಕಾಲದವಳು. ಇಷ್ಟು ವರ್ಷ ನಿನ್ನ ಮುಂದೆ ನಾನು ದನಿ ಎತ್ತಿದವಳಲ್ಲ. ಇವತ್ತು ಎತ್ತುತ್ತೀನಿ. ಇರೋದಾದ್ರೆ ಇರು. ಹೋಗೋದಾದ್ರೆ ಒಳ್ಳೇ ಮನೆ ನೋಡ್ಕೊಂಡು ಹೋಗು. ನನಗೆ ಬೇರೆ ದಾರಿ ಇಲ್ಲ."

ಬೇಡ ಅಕ್ಕ ಅಂತ ನನ್ನ ನಾಲಗೆಯ ತುದಿಗೆ ಬಂದಿತ್ತು. ಬೈಯಿ ಅಕ್ಕ ಅನ್ನುವುದೂ ಬಂದಿತ್ತು.

ಅವಳು ಜೋಲಿಯ ಕಡೆ ತಿರುಗಿ, ಸೊಂಟಕ್ಕೆ ಕೈಯಿಟ್ಟು, ಗೋಡೆಯ ಸಂದಿನಲ್ಲಿ ಗಾಳಿಗೆ ಎದುರಾಗಿ ಎಷ್ಟು ಕೂಗುತ್ತಿದ್ದಳೋ ಅಷ್ಟೇ ಜೋರಾಗಿ ಶುರುಮಾಡಿದಳು.

"ಏನೋ, ಸಾಯ್ತೀಯೇನೋ? ಯಾರನ್ನ ಕೇಳಿ ಸಾಯ್ತೀಯ? ಚಪ್ಪರದ ಗರಿ ಬದಲಾಯಿಸ್ತೀನಿ ಅಂದೆ, ಬದಲಾಯಿಸಿದ್ಯಾ? ಮಳೆ ಬಂದ್ರೆ ನಿನ್ನ ಹೆಣದ ಮೇಲೇ ಸೋರುತ್ತೆ! ಗಂಜಿ ಬೇಡ್ವಂತೆ ದೊರೆಗೆ. ಸುಣ್ಣ ಜಾಸ್ತಿ ಆಯ್ತು ಅಂತ ಮೊದಲನೇ ದಿನವೇ ಮೂತಿ ತಿರುಗಿಸಿದವನು ನೀನು, ಇವತ್ತಿಗೂ ಅದೇ ಮೂತಿ! ಊರೋರ ಮೇಲೆಲ್ಲ ಸೀಟಿ ಊದಿದ್ದೇ ಊದಿದ್ದು, ನನ್ನ ಹತ್ರ ಒಂದು ಮಾತು ಆಡೋಕೆ ಬಾಯಿ ಬಿದ್ದುಹೋಯ್ತಾ?"

"ಅಮ್ಮಾ!" ಅದೆಲ್ಫಾ ಅಡುಗೆಮನೆಯಿಂದ ಓಡಿ ಬಂದಳು. "ಅಮ್ಮಾ, ಜೇನು!"

"ಜೇನಿಗೆ ಹೇಳಿದ್ದೀನಿ, ನೀನು ಒಳಗೆ ಹೋಗು. ಎರ್ಮಿಲೊ, ಇತ್ತ ತಿರುಗು! ಸೋಮಾರಿ! ನನ್ನನ್ನ ಒಬ್ಬಳನ್ನೇ ಬಿಟ್ಟು ಜೋಲೀಲಿ ತೂಗಿಸ್ಕೊಂಡು ಹೋಗ್ತೀಯಾ? ನಾಚಿಕೆ ಆಗಲ್ವಾ ನಿನಗೆ?"

ಬೀದಿಯಲ್ಲಿ ಜನ ಸೇರಿತು. ಆ ಮನೆಯಿಂದ ಅಂಥ ಸದ್ದನ್ನು ಊರು ಯಾವತ್ತೂ ಕೇಳಿರಲಿಲ್ಲ. ಕಸಿಲ್ದಾಳ ಕಣ್ಣಿಂದ ಧಾರೆಯಾಗಿ ನೀರು ಹರಿಯುತ್ತಿತ್ತು, ಬಾಯಿ ಮಾತ್ರ ನಿಲ್ಲಲಿಲ್ಲ. ಕೋಳಿಯ ವಿಷಯವೂ ಬಂತು. ಜೋಲಿಯ ಹಗ್ಗ ಅಲುಗಿತು. ಎರ್ಮಿಲೊನ ಎಡಗೈ ಹಗ್ಗವನ್ನು ಬಿಗಿಯಾಗಿ ಹಿಡಿದಿತ್ತು. ಮುಖ ಕೆಂಪೇರಿತ್ತು. ಸೊಟ್ಟ ಬಾಯಿ ಇನ್ನಷ್ಟು ಸೊಟ್ಟಗಾಯಿತು.

"ಮೆ... ಮೆಲ್ಲ..."

ಕಸಿಲ್ದಾ ತಟ್ಟನೆ ಬೈಗುಳ ನಿಲ್ಲಿಸಿದಳು. "ಏನಂದೆ?"

"ಮೆಲ್ಲಗೆ" ಅಂದ ಎರ್ಮಿಲೊ. ಉಸಿರೆಳೆದುಕೊಂಡು, ಎಡಗೈಯನ್ನು ಚಪ್ಪರದ ಆ ತುದಿಯ ಕಡೆ ಎತ್ತಿದ. "ಜೇ...ನು."

ಅವಳು ಅಲ್ಲೇ ನೆಲದ ಮೇಲೆ ಕೂತು, ಮಗುವಿನ ಹಾಗೆ ದೊಡ್ಡ ದನಿಯಲ್ಲಿ ಅತ್ತಳು. ಆಮೇಲೆ ಸೆರಗಿಲ್ಲದ ಆ ಅಂಗಿಯ ಅಂಚಿನಿಂದಲೇ ಮೂಗು ಒರೆಸಿಕೊಂಡು ಎದ್ದಳು. "ಈಗ ನೆನಪಾಯ್ತಾ ನಿನಗೆ ಜೇನು? ಬಾಯಿ ತೆಗಿ. ಅದೆಲ್ಫಾ, ಗಂಜಿ ತಾರೇ!" ಅಂದಳು. ಅವನು ಬಾಯಿ ತೆರೆದ. ನಾನು ಬೇಲಿಗೆ ಒರಗಿ ಎಷ್ಟು ಅತ್ತೆನೋ ನನಗೇ ಗೊತ್ತಿಲ್ಲ.

ಅಲ್ಲಿಂದ ಮುಂದೆ ದಿನಕ್ಕೊಂದು ಸಲ ಔಷಧಿಯ ಹಾಗೆ ಬೈಗುಳ ನಡೆಯಿತು. ಅವನೂ ತೊದಲುತ್ತ ತಿರುಗಿ ಬೈಯ್ಯಲು ಕಲಿತ. ಮೊದಲು ಒಂದೊಂದು ಶಬ್ದ, ಆಮೇಲೆ ಒಂದೊಂದು ಸಾಲು. ಜೋಲಿಯಿಂದ ಕುರ್ಚಿಗೆ ಬಂದ, ಕುರ್ಚಿಯಿಂದ ಕೋಲಿಗೆ. ಆ ದಿನಗಳಲ್ಲಿ ಕಸಿಲ್ದಾ ಬೆಳಿಗ್ಗೆ ಎದ್ದು ಒಲೆ ಹಚ್ಚುವ ಮೊದಲು ಹೋಗಿ ದಿಮ್ಮಿಗಳಿಗೆ ಕಿವಿ ಕೊಡುತ್ತಿದ್ದಳು. ಬೇಲಿಯ ಈಚೆಯಿಂದ ನಾನು ಅವಳ ಮುಖ ನೋಡುತ್ತಿದ್ದೆ.

ಮೊದಲ ಮಳೆ ಬಿದ್ದ ವಾರ ತಾಯಿಯ ದಿಮ್ಮಿಯ ತೂತಿನಲ್ಲಿ ಕಾವಲು ಜೇನು ಇರಲಿಲ್ಲ. ಕಲ್ಲಿನ ಬಿರಡೆ ತೆಗೆದು ನೋಡಿದಳು. ಒಳಗೆ ಬರಿದು. ಇರುವೆ ಬಿದ್ದಿರಬೇಕು ಅಂದ ಸಿಲ್ವೆರಿಯೊ. ಎಲ್ಲೋ ಔಷಧಿ ಹೊಡೆದಿದ್ದಾರೆ ಅಂದಳು ನರ್ಸಮ್ಮ. ಯಾರು ಏನಾದರೂ ಹೇಳಲಿ, ಕಸಿಲ್ದಾಗೆ ಯಾಕೆ ಅಂತ ಗೊತ್ತಿತ್ತು. ಉಳಿದ ಎರಡು ದಿಮ್ಮಿಯ ಜೇನು ಹೋಗಲಿಲ್ಲ. ಅವಳು ಬರಿದಾದ ದಿಮ್ಮಿಯನ್ನು ಒಳಗೆಲ್ಲ ಒರೆಸಿ, ಬಿರಡೆಯನ್ನು ಮತ್ತೆ ಮೆತ್ತಿ, ಇದ್ದ ಜಾಗದಲ್ಲೇ ಇಟ್ಟಳು. ಆ ದಿನ ಬೈಗುಳ ಇರಲಿಲ್ಲ. ಮಾರನೆಯ ದಿನವೂ ಇರಲಿಲ್ಲ.

ಒಂದು ಸಂಜೆ ಎರ್ಮಿಲೊ ಕೋಲೂರಿಕೊಂಡು ಅಂಗಳದ ಬಾಯಲ್ಲಿ ನಿಂತಿದ್ದ. ತಲೆಯ ಮೇಲೆ ಟೋಪಿ. "ಕಸಿಲ್ದಾ" ಅಂದ, ತೀರಾ ಸಣ್ಣ ದನಿಯಲ್ಲಿ. "ಗೋ...ಡೆಗೆ ಹೋಗೋಣ ಬಾ."

ಇಷ್ಟು ವರ್ಷದಲ್ಲಿ ಅವನು ಕರೆದದ್ದು ಅದೇ ಮೊದಲು. ನರ್ಸಮ್ಮ ಆಗಲೇ ಗಾಡಿಗೆ ಒಪ್ಪಿಗೆ ಕೊಟ್ಟಿದ್ದಳು. ಸಿಲ್ವೆರಿಯೊ ತುಳಿದ, ನಾನೂ ಹತ್ತಿ ಕೂತೆ. ಹಳೇ ಊರು ಮುಚ್ಚುವ ಹೊತ್ತು, ಜನ ಎಲ್ಲ ಹೊರಗೆ ಹೋಗಿದ್ದರು. ಗೋಡೆಯ ಮೇಲೆ ಓತಿಗಳು ಮಾತ್ರ. ನಾವಿಬ್ಬರು ದೂರ ನಿಂತೆವು. ಗಾಳಿ ನಮ್ಮ ಕಡೆಗೇ ಇತ್ತು, ಅದಕ್ಕೆ ನಾನೇನು ಮಾಡಲಿ.

"ಯಾಕೆ ಬೈದೆ?" ಅಂತ ಎರ್ಮಿಲೊ ಕೂಗಿದ. ಸೊಟ್ಟ ಬಾಯಿಂದ ಆದಷ್ಟು ಜೋರಾಗಿ. "ನಿಮ್ಮಮ್ಮನ ಜೇನು. ನನ್ನಿಂದ ಹೋಯ್ತು. ನಾನು ಹೋಗಿದ್ರೆ ಏನಾಗ್ತಿತ್ತು? ಯಾಕೆ ಬೈದೆ ಹೇಳು!"

ಕಸಿಲ್ದಾ ಅವನ ಟೋಪಿ ಗಾಳಿಗೆ ಹಾರದ ಹಾಗೆ ತಲೆಯ ಮೇಲೆ ಒತ್ತಿ ಹಿಡಿದಳು.

"ಅವಕ್ಕೆ ರೆಕ್ಕೆ ಇದೆ, ಎಲ್ಲಾದ್ರೂ ಗೂಡು ಕಟ್ಕೋತವೆ. ನಿನಗೆ ಒಂದು ಕಾಲೂ ನೆಟ್ಟಗಿರ್ಲಿಲ್ಲ. ಯಾರನ್ನ ಹಿಡ್ಕೊಳ್ಳಲಿ, ಮುಠ್ಠಾಳ?"